ಎಡಿಎಚ್‌ಡಿ ಡಯಾಗ್ನೋಸಿಸ್ ಇದ್ದವರು ಎಫ್‌ಎಎ ಮೆಡಿಕಲ್‌ಗೆ ಹೋಗುವ ಮುಂಚೆ: ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಅಮೆರಿಕದಲ್ಲಿ ವಿಮಾನ ಕಲಿಯಲು ಹೊರಟವರು ಮೆಡಿಕಲ್‌ನಲ್ಲಿ, ಅಂದರೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೊಡುವ ಆರೋಗ್ಯ ಸರ್ಟಿಫಿಕೇಟ್‌ನಲ್ಲಿ, ಸಿಕ್ಕಿಹಾಕಿಕೊಳ್ಳುವ ಕಥೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೂರನೇ ಕ್ಲಾಸಿನಲ್ಲಿ ಟೀಚರ್ ದೂರು ಹೇಳಿರುತ್ತಾರೆ. ಮಕ್ಕಳ ಡಾಕ್ಟರು ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಎಂದು ಬರೆದಿರುತ್ತಾರೆ. ಒಂದೆರಡು ವರ್ಷ ಮಾತ್ರೆ ತೆಗೆದುಕೊಂಡು ಬಿಟ್ಟಿರುತ್ತಾರೆ. ಹತ್ತು ವರ್ಷ ಆದಮೇಲೆ ಫ್ಲೈಟ್ ಸ್ಕೂಲಿಗೆ ದುಡ್ಡು ಕಟ್ಟಿ, ರಾತ್ರಿ ಕೂತು ಆನ್‌ಲೈನ್ ಫಾರ್ಮ್ ತುಂಬಿ, ಮರುದಿನ ಡಾಕ್ಟರ ಮುಂದೆ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ಫೈಲು ಓಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ ಮೆಡಿಕಲ್ ಆಫೀಸಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಕಾದಮೇಲೆ ಒಂದು ಪತ್ರ ಬರುತ್ತದೆ: ಇಷ್ಟಿಷ್ಟು ದಾಖಲೆ ಕಳಿಸಿ. ಗಡುವಿನೊಳಗೆ ಕಳಿಸಲು ಆಗುವುದಿಲ್ಲ. ಆಮೇಲೆ ಬರುವುದು ನಿರಾಕರಣೆಯ ಪತ್ರ.

ಇವರಲ್ಲಿ ಎಷ್ಟೋ ಜನಕ್ಕೆ ಮೆಡಿಕಲ್ ಸಿಗಬಹುದಿತ್ತು. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದರಿಂದ ಕೆಟ್ಟಿತು. ಅಮೆರಿಕದಲ್ಲೇ ಬೆಳೆದ ನಮ್ಮವರ ಮಕ್ಕಳೂ ಇಲ್ಲಿಂದ ಟ್ರೇನಿಂಗ್‌ಗೆ ಹೋಗುವ ಹುಡುಗ ಹುಡುಗಿಯರೂ ಇದೇ ಜಾಗದಲ್ಲಿ ಎಡವುತ್ತಾರೆ. ಅದಕ್ಕೇ ಈ ಬರಹದಲ್ಲಿ ಹಂತಗಳ ಕ್ರಮಕ್ಕೇ ಜಾಸ್ತಿ ಒತ್ತು. ಡಾಕ್ಟರ ಸಲಹೆಯನ್ನೂ ವಕೀಲರ ಸಲಹೆಯನ್ನೂ ಇದು ಬದಲಿಸುವುದಿಲ್ಲ. ಅವರ ಹತ್ತಿರ ಹೋಗುವಾಗ ಏನು ಕೇಳಬೇಕು ಅನ್ನುವುದು ಗೊತ್ತಿರಲಿ ಅಂತ ಬರೆದಿದ್ದು.

ಶುರುವಿಗೆ ಮೊದಲು: ತೀರ್ಮಾನ ಯಾರ ಕೈಯಲ್ಲಿದೆ?

ಎಫ್‌ಎಎ ಮೆಡಿಕಲ್‌ನಲ್ಲಿ ಮೂರು ಕ್ಲಾಸ್. ಏರ್‌ಲೈನ್ ಕ್ಯಾಪ್ಟನ್‌ಗೆ ಫಸ್ಟ್ ಕ್ಲಾಸ್, ದುಡ್ಡು ತೆಗೆದುಕೊಂಡು ಹಾರಿಸುವ ಕಮರ್ಷಿಯಲ್ ಪೈಲಟ್‌ಗೆ ಸೆಕೆಂಡ್, ಸ್ವಂತಕ್ಕೆ ಹಾರಿಸುವವರಿಗೂ ವಿದ್ಯಾರ್ಥಿಗಳಿಗೂ ಥರ್ಡ್. "ಥರ್ಡ್ ಕ್ಲಾಸ್ ತಾನೇ, ಸುಲಭ ಇರುತ್ತೆ" ಅಂದುಕೊಳ್ಳಬೇಡಿ. ಎಡಿಎಚ್‌ಡಿ ವಿಚಾರದಲ್ಲಿ ಮೂರೂ ಕ್ಲಾಸಿಗೆ ಒಂದೇ ದಾರಿ.

ಪರೀಕ್ಷೆ ಮಾಡುವವರು ಎಎಂಇ, ಅಂದರೆ ಎಫ್‌ಎಎ ನೇಮಿಸಿದ ವೈಮಾನಿಕ ಡಾಕ್ಟರು. ಅವರ ಕೈಯಲ್ಲಿರುವುದು ಮೂರೇ ಆಯ್ಕೆ: ಅಲ್ಲೇ ಸರ್ಟಿಫಿಕೇಟ್ ಕೊಡುವುದು, ನಿರಾಕರಿಸುವುದು, ಅಥವಾ ಡಿಫರ್ ಮಾಡುವುದು. ಡಿಫರ್ ಅಂದರೆ ತೀರ್ಮಾನವನ್ನು ಎಫ್‌ಎಎಗೆ ಬಿಡುವುದು. ಅದು ನಿರಾಕರಣೆ ಅಲ್ಲ. ಆದರೆ ಕೈಯಲ್ಲಿ ದಾಖಲೆ ಇಲ್ಲದವರಿಗೆ ಡಿಫರ್ ನಿಧಾನಕ್ಕೆ ನಿರಾಕರಣೆಯಾಗಿ ತಿರುಗುತ್ತದೆ.

ಎಡಿಎಚ್‌ಡಿ ಮಾತ್ರೆ ತೆಗೆದುಕೊಳ್ಳುತ್ತಾ ವಿಮಾನ ಹಾರಿಸಲು ಎಫ್‌ಎಎ ಒಪ್ಪುವುದಿಲ್ಲ. ರಿಟಾಲಿನ್, ಕಾನ್ಸರ್ಟಾ, ಆಡೆರಾಲ್, ವೈವಾನ್ಸ್, ಸ್ಟ್ರಾಟೆರಾ, ಯಾವುದಾದರೂ ಅಷ್ಟೇ. "ನನ್ನದು ಕಡಿಮೆ ಡೋಸ್" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

2023ರ ಆಗಸ್ಟ್‌ನಲ್ಲಿ ಎಫ್‌ಎಎ ಈ ವಿಷಯಕ್ಕೆ ಎರಡು ದಾರಿ ಮಾಡಿತು, ಫಾಸ್ಟ್ ಟ್ರ್ಯಾಕ್ ಮತ್ತು ಸ್ಟ್ಯಾಂಡರ್ಡ್ ಟ್ರ್ಯಾಕ್. ಅದಕ್ಕಿಂತ ಹಳೆಯ ಸಲಹೆಗಳು ಇನ್ನೂ ಓಡಾಡುತ್ತಿವೆ. ಓದುವುದಕ್ಕೆ ಮುಂಚೆ ತಾರೀಖು ನೋಡಿ.

ಹಂತ 1: ಫಾರ್ಮ್ ಮುಟ್ಟಬೇಡಿ, ಫೀಸ್ ಕಟ್ಟಬೇಡಿ

ಅರ್ಜಿ ತುಂಬುವುದು ಮೆಡ್‌ಎಕ್ಸ್‌ಪ್ರೆಸ್ ಅನ್ನುವ ಎಫ್‌ಎಎ ಪೋರ್ಟಲ್‌ನಲ್ಲಿ. ಫಾರ್ಮ್ 8500-8 ತುಂಬಿ ಸಬ್ಮಿಟ್ ಮಾಡಿದರೆ ಒಂದು ಕನ್ಫರ್ಮೇಶನ್ ನಂಬರ್ ಸಿಗುತ್ತದೆ. ಎಎಂಇ ಆ ನಂಬರ್ ಹಾಕಿ ನಿಮ್ಮ ಅರ್ಜಿಯನ್ನು ತೆರೆದ ಕ್ಷಣದಿಂದ ಅದು ಅಧಿಕೃತ. ಆಮೇಲೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಮೇಲೆ ಹೇಳಿದ ಮೂರರಲ್ಲಿ ಒಂದು ಆಗಲೇಬೇಕು. ಯಾರೂ ತೆರೆಯದ ಅರ್ಜಿ 60 ದಿನ ಆದಮೇಲೆ ತಾನಾಗಿಯೇ ಬಿದ್ದುಹೋಗುತ್ತದೆ. ಆತುರದಲ್ಲಿ ಈಗಾಗಲೇ ಸಬ್ಮಿಟ್ ಮಾಡಿದ್ದರೆ ಗಾಬರಿಯಾಗಬೇಡಿ, ಆ ನಂಬರನ್ನು ಯಾರಿಗೂ ಕೊಡಬೇಡಿ ಅಷ್ಟೇ.

ಇಷ್ಟು ಹೆದರುವುದು ಯಾಕೆ? ನಿರಾಕರಣೆ ಒಂದೇ ಬಾಗಿಲನ್ನು ಮುಚ್ಚುವುದಿಲ್ಲ. ಅಮೆರಿಕದ ಡ್ರೈವಿಂಗ್ ಲೈಸೆನ್ಸನ್ನೇ ಮೆಡಿಕಲ್ ಆಗಿ ತೋರಿಸಿ ಸ್ಪೋರ್ಟ್ ಪೈಲಟ್ (ಚಿಕ್ಕ ವಿಮಾನಗಳಿಗೆ ಸೀಮಿತವಾದ ಲೈಸೆನ್ಸ್) ಆಗಿ ಹಾರಬಹುದು, ಆದರೆ ನೀವು ಕೊನೆಯ ಸಲ ಹಾಕಿದ ಮೆಡಿಕಲ್ ಅರ್ಜಿ ನಿರಾಕರಣೆ ಆಗಿರಬಾರದು. ಎಎಂಇ ಬದಲು ಮಾಮೂಲಿ ಡಾಕ್ಟರ ತಪಾಸಣೆಯಿಂದ ಸ್ವಂತಕ್ಕೆ ಹಾರಲು ಬಿಡುವ, 2017ರ ಮೇ ತಿಂಗಳಲ್ಲಿ ಬಂದ ಬೇಸಿಕ್‌ಮೆಡ್‌ಗೂ ಇದೇ ಷರತ್ತು. ಜೊತೆಗೆ 2006ರ ಜುಲೈ 14ರ ನಂತರ ಒಮ್ಮೆಯಾದರೂ ಚಾಲ್ತಿಯಲ್ಲಿದ್ದ ಮೆಡಿಕಲ್ ಇರಬೇಕು. ಅರ್ಜಿಯನ್ನೇ ಹಾಕದವನಿಗೆ ಸ್ಪೋರ್ಟ್ ಪೈಲಟ್ ದಾರಿ ತೆರೆದಿರುತ್ತದೆ, ಅವಸರದಲ್ಲಿ ಹಾಕಿ ನಿರಾಕರಣೆ ತಂದುಕೊಂಡವನಿಗೆ ಅದೂ ಮುಚ್ಚುತ್ತದೆ. ವಾರಾಂತ್ಯದಲ್ಲಿ ಹಾರಿದರೆ ಸಾಕು, ಏರ್‌ಲೈನ್ ಬೇಡ ಅನ್ನುವವರು ಇಲ್ಲೇ ನಿಂತು ಯೋಚಿಸಿ. ಹಾಗಂತ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಏನು ಬೇಕಾದರೂ ಮಾಡಬಹುದು ಅಂತಲ್ಲ. ಹಾರಲು ಅಡ್ಡಿಯಾಗುವ ತೊಂದರೆ ಇದೆ ಎಂದು ಗೊತ್ತಿದ್ದರೆ ಆ ದಿನ ಹಾರಬಾರದು ಅನ್ನುವ ನಿಯಮ ಎಲ್ಲರಿಗೂ ಇದೆ.

ಫೀಸಿನ ವಿಷಯ. ಮೆಡಿಕಲ್ ಇಲ್ಲದೆ ವಿದ್ಯಾರ್ಥಿ ಒಬ್ಬನೇ ವಿಮಾನ ಹಾರಿಸುವಂತಿಲ್ಲ. ಪಾಠ ಶುರುವಾಗಿ, ಸೋಲೋ ಹತ್ತಿರ ಬಂದಾಗ ಗಾಡಿ ನಿಲ್ಲುತ್ತದೆ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಬ್ಯಾಂಕ್ ಸಾಲ ಮಾಡಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಇದನ್ನು ಎರಡು ಸಲ ಓದಿ.

ಹಂತ 2: ದಾಖಲೆ ಕೂಡಿಹಾಕಿ

ಜಾಸ್ತಿ ಹೊತ್ತು ತಿನ್ನುವ ಹಂತ ಇದು. ಎಫ್‌ಎಎ ಪತ್ರ ಬಂದಮೇಲೆ ಮಾಡೋಣ ಅಂತ ಬಿಡುವುದೂ ಇದನ್ನೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುವುದು ಇದಕ್ಕೇ. ಒಂದು ಕಾಗದದ ಫೋಲ್ಡರ್, ಒಂದು ಸ್ಕ್ಯಾನ್ ಫೋಲ್ಡರ್, ಮತ್ತು ಒಂದೇ ಪುಟದ ತಾರೀಖು ಪಟ್ಟಿ, ಇಷ್ಟು ಸಾಕು. ಪಟ್ಟಿಯಲ್ಲಿ ಡಯಾಗ್ನೋಸಿಸ್ ಆದ ದಿನ, ಪ್ರತಿ ಮಾತ್ರೆ ಶುರುವಾದ ದಿನ, ನಿಂತ ದಿನ, ಬರೆದುಕೊಟ್ಟ ಡಾಕ್ಟರ ಹೆಸರು ಇರಲಿ.

*ಔಷಧಿಯ ಲೆಕ್ಕ.* ಅಮೆರಿಕದಲ್ಲಿ ನೀವು ಮಾತ್ರೆ ತೆಗೆದುಕೊಂಡ ಪ್ರತಿ ಫಾರ್ಮಸಿಯಿಂದ ಪೂರ್ತಿ ಪ್ರಿಂಟ್‌ಔಟ್ ಕೇಳಿ. ಬಂದ ಕೂಡಲೇ ಕೊನೆಯ ಸಲ ಮಾತ್ರೆ ತಂದ ಸಾಲು ನೋಡಿ: ತಾರೀಖು, ಮಾತ್ರೆ ಹೆಸರು, ಎಷ್ಟು ಮಾತ್ರೆ, ಎಷ್ಟು ದಿನಕ್ಕೆ. ಎಡವಟ್ಟು ಆಗುವುದು ಇಲ್ಲಿ. ನೀವು ಮಾರ್ಚ್‌ನಲ್ಲೇ ಮಾತ್ರೆ ಬಿಟ್ಟಿರುತ್ತೀರಿ. ಅಮ್ಮ ಮಾತ್ರ ಆಗಸ್ಟ್‌ವರೆಗೆ ರೀಫಿಲ್ ತಂದು ಡ್ರಾಯರ್‌ನಲ್ಲಿ ಇಟ್ಟಿರುತ್ತಾರೆ. ಕಾಗದ ಹೇಳುವುದು ಆಗಸ್ಟ್ ಅಂತ. 30 ದಿನದ ಡಬ್ಬಿ ಆಗಿದ್ದರೆ ನೋಡುವವರ ಲೆಕ್ಕ ಸೆಪ್ಟೆಂಬರ್‌ಗೆ ಹೋಗುತ್ತದೆ. ನಿಮ್ಮ ನೆನಪಿನ ತಾರೀಖನ್ನು ನಂಬಿ ಫಾರ್ಮ್ ತುಂಬಿದರೆ ಎರಡೂ ತಾಳೆಯಾಗದೆ, ಸುಳ್ಳು ಹೇಳದಿದ್ದರೂ ಸುಳ್ಳು ಹೇಳಿದ ಹಾಗೆ ಕಾಣುತ್ತದೆ. ಕೊನೆಯ ಡಬ್ಬಿ ಮುಗಿಯಬೇಕಾದ ದಿನದಿಂದಲೇ ಎಣಿಸಿ. ಉಳಿದದ್ದನ್ನು ಡಾಕ್ಟರ ನೋಟ್ಸ್ ಹೇಳಲಿ.

*ಡಾಕ್ಟರ ಫೈಲು.* ಅರ್ಧ ಪುಟದ "ಈತ ಆರೋಗ್ಯವಾಗಿದ್ದಾನೆ" ಪತ್ರ ಸಾಲದು. ಪ್ರತಿ ಭೇಟಿಯ ನೋಟ್ಸ್ ಬೇಕು. ಅಮೆರಿಕದ ಹಿಪಾ ಕಾನೂನಿನ ಪ್ರಕಾರ ಕೇಳಿದ 30 ದಿನದೊಳಗೆ ಕೊಡಬೇಕು, ಒಂದು ಸಲ ಮುಂದೂಡಲು ಅವರಿಗೆ ಅವಕಾಶ ಇದೆ. ಬಂದದ್ದನ್ನು ನೀವೇ ಕೂತು ಓದಿ. ಮೊದಲ ಡಯಾಗ್ನೋಸಿಸ್ ಹೇಗಾಯಿತು? ಟೀಚರ್ ತುಂಬಿದ ಒಂದು ಪ್ರಶ್ನಾವಳಿ ನೋಡಿ ಹತ್ತು ನಿಮಿಷದಲ್ಲಿ ಬರೆದದ್ದೇ, ಗಂಟೆಗಟ್ಟಲೆ ಪರೀಕ್ಷೆ ಮಾಡಿ ಬರೆದದ್ದೇ? ಮುಂದೆ ಮೌಲ್ಯಮಾಪನ ಮಾಡುವವರಿಗೆ ಇದು ದೊಡ್ಡ ವಿಷಯ.

ಇನ್ನೊಂದು ಹುಡುಕಬೇಕಾದದ್ದು, ನಿಮಗೇ ಗೊತ್ತಿಲ್ಲದ ಬೇರೆ ಹೆಸರುಗಳು. ಇನ್ಶೂರೆನ್ಸ್ ಬಿಲ್ಲಿಗೆ ಅಂತ ಯಾವತ್ತೋ "ಆಂಗ್ಸೈಟಿ" ಅಥವಾ "ಡಿಪ್ರೆಶನ್" ಕೋಡ್ ಹಾಕಿರುತ್ತಾರೆ. ಆ ಒಂದು ಕೋಡ್ ನಿಮ್ಮನ್ನು ಫಾಸ್ಟ್ ಟ್ರ್ಯಾಕ್‌ನಿಂದ ಹೊರಗೆ ಹಾಕಬಹುದು. ತಪ್ಪಾಗಿ ಬರೆದಿದ್ದರೆ ತಿದ್ದುಪಡಿ ಕೇಳುವ ಹಕ್ಕು ಹಿಪಾದಲ್ಲೇ ಇದೆ. ಬರೆದ ಡಾಕ್ಟರನ್ನೇ ಕೇಳಬೇಕು, ಲಿಖಿತವಾಗಿ ಕೇಳಬೇಕು. ನಿಜವಾಗಿಯೂ ಇದ್ದದ್ದಾದರೆ ತಿದ್ದಿಸುವ ಮಾತು ಬಿಡಿ, ಅದರ ದಾಖಲೆಯನ್ನೂ ಫೋಲ್ಡರ್‌ಗೆ ಸೇರಿಸಿ.

*ಶಾಲೆ.* ಮಾರ್ಕ್ಸ್ ಟ್ರಾನ್ಸ್‌ಕ್ರಿಪ್ಟ್, ಜೊತೆಗೆ ಐಇಪಿ ಅಥವಾ 504 ಪ್ಲಾನ್ (ಅಮೆರಿಕದ ಶಾಲೆಗಳು ಇಂಥ ಮಕ್ಕಳಿಗೆ ಮಾಡುವ ವಿಶೇಷ ನೆರವಿನ ಯೋಜನೆ) ಇದ್ದರೆ ಅದರ ಪ್ರತಿ. ಪರೀಕ್ಷೆಗೆ ಹೆಚ್ಚುವರಿ ಸಮಯ ತೆಗೆದುಕೊಂಡಿದ್ದು, ಕಾಲೇಜು ಪ್ರವೇಶದ ಎಸ್‌ಎಟಿಗೆ ತೆಗೆದುಕೊಂಡಿದ್ದೂ ಸೇರಿ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಶಾಲೆಗೆ 45 ದಿನದ ಕಾಲಾವಕಾಶ ಇದೆ. ಬೇಸಿಗೆ ರಜೆಯಲ್ಲಿ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ, ಮೇ ತಿಂಗಳೊಳಗೆ ಕೇಳಿಬಿಡಿ.

*ಡ್ರೈವಿಂಗ್ ರೆಕಾರ್ಡ್.* ಲೈಸೆನ್ಸ್ ಇದ್ದ ಪ್ರತಿ ರಾಜ್ಯದಿಂದ. ಇದು ಸುಲಭ, ಆನ್‌ಲೈನ್‌ನಲ್ಲೇ ಸಿಗುತ್ತದೆ.

*ಹಳೆಯ ಎಫ್‌ಎಎ ಫೈಲು.* ಹಿಂದೆ ಯಾವತ್ತಾದರೂ ಅರ್ಜಿ ಹಾಕಿದ್ದರೆ ಅದರ ಪ್ರತಿಯನ್ನು ಎಫ್‌ಎಎಯಿಂದಲೇ ತರಿಸಿ. ಆಗ ಏನು ಬರೆದಿದ್ದಿರಿ ಅನ್ನುವುದು ಗೊತ್ತಿಲ್ಲದೆ ಈಗ ಬರೆಯಬೇಡಿ.

*ಊರಿನಲ್ಲಿ ಚಿಕಿತ್ಸೆ ಆಗಿದ್ದವರಿಗೆ.* ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತೋರಿಸಿದ್ದರೆ ಕಥೆ ಬೇರೆ. ಭಾರತದ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಡಾಕ್ಟರು 3 ವರ್ಷ ದಾಖಲೆ ಇಡಬೇಕು ಅನ್ನುವುದು ಆಸ್ಪತ್ರೆಗೆ ದಾಖಲಾದವರಿಗೆ. ಎಡಿಎಚ್‌ಡಿ ಅಂತ ಯಾರೂ ದಾಖಲಾಗುವುದಿಲ್ಲ ಅಲ್ವಾ? ಹೊರರೋಗಿಯ ಚೀಟಿ ಇರುವುದು ಅಮ್ಮನ ಬೀರುವಿನ ಪ್ಲಾಸ್ಟಿಕ್ ಕವರ್‌ನಲ್ಲೇ. ಮೊದಲು ಅಲ್ಲಿ ಹುಡುಕಿ. ಮೆಡಿಕಲ್ ಶಾಪಿನಲ್ಲಿ ನಿಮ್ಮ ಹೆಸರಿನ ಲೆಕ್ಕ ಸಿಗುವುದು ಅಪರೂಪ. ಹಾಗಾಗಿ ನೋಡಿದ ಡಾಕ್ಟರಿಂದ ಲೆಟರ್‌ಹೆಡ್ ಮೇಲೆ ಪತ್ರ ಬೇಕು: ನೋಂದಣಿ ಸಂಖ್ಯೆ, ಮೊದಲು ನೋಡಿದ ದಿನ, ಕೊಟ್ಟ ಮಾತ್ರೆ, ನಿಲ್ಲಿಸಿದ ದಿನ, ಕೊನೆಯ ಸಲ ನೋಡಿದಾಗ ಹೇಗಿದ್ದರು. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳ ಪ್ರತಿ ಇರಲಿ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ. ಡಾಕ್ಟರು ತೀರಿಕೊಂಡಿದ್ದರೆ, ಕ್ಲಿನಿಕ್ ಮುಚ್ಚಿದ್ದರೆ, ಹುಡುಕಿದ್ದಕ್ಕೆ ಏನು ಸಾಕ್ಷಿ ಇದೆಯೋ ಅದನ್ನು ಇಟ್ಟುಕೊಳ್ಳಿ, ಅಪ್ಪ ಅಮ್ಮ ಸಹಿ ಮಾಡಿದ ಹೇಳಿಕೆಯನ್ನೂ ಜೊತೆಗಿಡಿ.

ಹಂತ 3: ಯಾವ ಟ್ರ್ಯಾಕ್ ಅಂತ ನೀವೇ ಲೆಕ್ಕ ಹಾಕಿ

ಫಾಸ್ಟ್ ಟ್ರ್ಯಾಕ್‌ಗೆ ಮುಖ್ಯವಾಗಿ ಬೇಕಾದದ್ದು: ಕಳೆದ 4 ವರ್ಷ ಎಡಿಎಚ್‌ಡಿ ಮಾತ್ರೆ ಇಲ್ಲ, ಅದೇ 4 ವರ್ಷ ಓದಿನಲ್ಲೋ ಕೆಲಸದಲ್ಲೋ ಎಡಿಎಚ್‌ಡಿ ಲಕ್ಷಣದಿಂದ ತೊಂದರೆ ಇಲ್ಲ, ಬೇರೆ ಮಾನಸಿಕ ಕಾಯಿಲೆಯ ಡಯಾಗ್ನೋಸಿಸ್ ಇಲ್ಲ. ಎಲ್ಲವೂ ಇರಬೇಕು. ಮೂರರಲ್ಲಿ ಎರಡು ಇದ್ದರೆ ಆಗುವುದಿಲ್ಲ. ಷರತ್ತುಗಳ ಪೂರ್ತಿ ಪಟ್ಟಿ ಎಫ್‌ಎಎ ತನ್ನ ಎಎಂಇಗಳಿಗೆ ಕೊಡುವ ಕೈಪಿಡಿಯಲ್ಲಿದೆ, ಯಾರು ಬೇಕಾದರೂ ಓದಬಹುದು. ಆಗಾಗ ತಿದ್ದುತ್ತಾರೆ, ಹಾಗಾಗಿ ಅರ್ಜಿ ಹಾಕುವ ವಾರ ಇನ್ನೊಮ್ಮೆ ನೋಡಿ.

ಒಂದು ಷರತ್ತು ತಪ್ಪಿದರೂ ಸ್ಟ್ಯಾಂಡರ್ಡ್ ಟ್ರ್ಯಾಕ್. ಅದರಲ್ಲಿ ಗಮನ, ನೆನಪು ಇತ್ಯಾದಿ ಅಳೆಯುವ ಪೂರ್ತಿ ನ್ಯೂರೋಸೈಕಾಲಜಿ ಪರೀಕ್ಷೆ ಇದೆ, ಕೆಲವು ಸಾವಿರ ಡಾಲರ್ ಖರ್ಚಿದೆ, ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ, ತಿಂಗಳುಗಟ್ಟಲೆ ಕಾಯುವುದಿದೆ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಾತ್ರೆ ಬಿಟ್ಟು ಮೂರೂವರೆ ವರ್ಷ ಆಗಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೆ, ಆರು ತಿಂಗಳು ಕಾಯಿರಿ. ಹತ್ತೊಂಬತ್ತು ವರ್ಷದ ಹುಡುಗನಿಗೆ ಆರು ತಿಂಗಳು ಯುಗ ಅನ್ನಿಸುತ್ತದೆ. ಆದರೆ ಸ್ಟ್ಯಾಂಡರ್ಡ್ ಟ್ರ್ಯಾಕ್ ಹಿಡಿದರೂ ಅಷ್ಟೇ ಹೊತ್ತು ಹೋಗಬಹುದು, ದುಡ್ಡೂ ಹೋಗುತ್ತದೆ. ಕಾಯುವ ಹೊತ್ತಿನಲ್ಲಿ ಬರವಣಿಗೆಯ ಪರೀಕ್ಷೆಗೆ ಓದಿ, ಅದಕ್ಕೆ ಮೆಡಿಕಲ್ ಬೇಕಿಲ್ಲ.

ಈಗಲೂ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ಮಾತು. ಪೈಲಟ್ ಆಗಬೇಕು ಅಂತ ಸುಮ್ನೆ ನಾಳೆಯಿಂದ ಮಾತ್ರೆ ಬಿಡಬೇಡಿ. ಬರೆದುಕೊಟ್ಟ ಡಾಕ್ಟರ ಜೊತೆ ಕೂತು ಮಾತಾಡಿ. ಬಿಟ್ಟಮೇಲೆ ಓದು ಕುಸಿದರೆ, ಕಾರು ಓಡಿಸುವಾಗ ಗಮನ ತಪ್ಪಿದರೆ, ಕೆಲಸ ಅರ್ಧಕ್ಕೇ ನಿಲ್ಲತೊಡಗಿದರೆ ಮಾತ್ರೆ ನಿಮಗೆ ಬೇಕೇ ಬೇಕು ಅಂತ ಅರ್ಥ. ಆಗ ಆರೋಗ್ಯ ಮೊದಲು, ಲೈಸೆನ್ಸ್ ಆಮೇಲೆ.

ಹಂತ 4: ಎಎಂಇ ಹುಡುಕಿ, ಸಲಹೆಗೆ ಮಾತ್ರ ಹೋಗಿ

ಎಫ್‌ಎಎ ಸೈಟಿನಲ್ಲಿ ಎಎಂಇಗಳ ಪಟ್ಟಿ ಇದೆ, ಅಮೆರಿಕದ ಹೊರಗಿನವರೂ ಅದರಲ್ಲಿದ್ದಾರೆ. ಫ್ಲೈಟ್ ಸ್ಕೂಲಿನ ಪಕ್ಕದಲ್ಲಿ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಆರಿಸಬೇಡಿ. ಕಷ್ಟದ ಫೈಲುಗಳನ್ನು ನೋಡಿ ಅಭ್ಯಾಸ ಇರುವವರು ಬೇಕು. ಹಿಮ್ಸ್ (ಪೈಲಟ್‌ಗಳ ವ್ಯಸನ, ಮಾನಸಿಕ ಆರೋಗ್ಯದ ಫೈಲುಗಳನ್ನು ನೋಡುವ ಕಾರ್ಯಕ್ರಮ) ತರಬೇತಿ ಪಡೆದ ಎಎಂಇ ಆದರೆ ಒಳ್ಳೆಯದು.

ಫೋನ್ ಮಾಡಿ ಹೀಗೆ ಕೇಳಿ: "ನನಗೆ ಸಲಹೆ ಮಾತ್ರ ಬೇಕು, ಪರೀಕ್ಷೆ ಈಗ ಬೇಡ. ಎಡಿಎಚ್‌ಡಿ ಫಾಸ್ಟ್ ಟ್ರ್ಯಾಕ್ ಫೈಲುಗಳನ್ನು ನೀವು ಮಾಡಿದ್ದೀರಾ? ಸಲಹೆಗೆ ಎಷ್ಟು ಫೀಸ್?" ಕನ್ಫರ್ಮೇಶನ್ ನಂಬರ್ ಕೇಳಿದರೆ ಕೊಡಬೇಡಿ. "ಬನ್ನಿ, ನೋಡೋಣ, ಓಕ್ಲಹೋಮಾಗೆ ಕಳಿಸಿದರಾಯಿತು" ಅಂದರೆ ನಮಸ್ಕಾರ ಹೇಳಿ ಮುಂದಿನವರಿಗೆ ಫೋನ್ ಮಾಡಿ. ಆಮೇಲೆ ಪತ್ರ ಬರೆದು ಗಡುವು ಕಾಯುವುದು ನೀವು, ಅವರಲ್ಲ.

ಎಒಪಿಎ, ಇಎಎ ಅನ್ನುವ ಪೈಲಟ್ ಸಂಘಟನೆಗಳಲ್ಲಿ ಸದಸ್ಯರಿಗೆ ಮೆಡಿಕಲ್ ಸಲಹೆ ಕೊಡುವವರಿದ್ದಾರೆ. ಎರಡನೇ ಅಭಿಪ್ರಾಯಕ್ಕೆ ಅದು ಅಗ್ಗದ ದಾರಿ.

ಹಂತ 5: ಮೌಲ್ಯಮಾಪನ

ಫಾಸ್ಟ್ ಟ್ರ್ಯಾಕ್‌ನವರು ಸೈಕಾಲಜಿಸ್ಟ್ ಅಥವಾ ನ್ಯೂರೋಸೈಕಾಲಜಿಸ್ಟ್ ಹತ್ತಿರ ಹೋಗಬೇಕು. ಅವರು ಸಂದರ್ಶನ ಮಾಡುತ್ತಾರೆ, ಹಂತ 2ರ ದಾಖಲೆಗಳನ್ನೆಲ್ಲ ಓದುತ್ತಾರೆ, ಎಫ್‌ಎಎಯ ನಮೂನೆಯಲ್ಲಿ ಸಾರಾಂಶ ತುಂಬುತ್ತಾರೆ. ಪ್ರತಿ ಪ್ರಶ್ನೆಯ ಉತ್ತರವೂ ಸರಿಯಾದ ಕಾಲಂನಲ್ಲಿ ಬಿದ್ದರೆ ಎಎಂಇ ತಮ್ಮ ಆಫೀಸಿನಲ್ಲೇ ಸರ್ಟಿಫಿಕೇಟ್ ಕೊಡಬಹುದು. ಒಂದು ಟಿಕ್ ಆಚೆ ಬಿದ್ದರೆ ಸ್ಟ್ಯಾಂಡರ್ಡ್. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಆ ನಮೂನೆಯನ್ನು ಅವರಿಗೆ ಕಳಿಸಿ, ತುಂಬಿ ಕೊಡುತ್ತೀರಾ ಎಂದು ಕೇಳಿ. ತಮ್ಮದೇ ಧಾಟಿಯಲ್ಲಿ ಹನ್ನೆರಡು ಪುಟ ಚಂದವಾಗಿ ಬರೆದು, ನಮೂನೆ ತುಂಬದ ವರದಿ ಎಎಂಇಗೆ ಉಪಯೋಗವಿಲ್ಲ. ವರದಿ ಎಷ್ಟು ಹಳೆಯದಾಗಿರಬಹುದು ಅನ್ನುವುದನ್ನು ಎಎಂಇ ಹತ್ತಿರ ಮೊದಲೇ ಕೇಳಿಕೊಳ್ಳಿ.

ಸ್ಟ್ಯಾಂಡರ್ಡ್ ಟ್ರ್ಯಾಕ್‌ಗೆ ಎಫ್‌ಎಎ ಕೆಲಸದಲ್ಲಿ ತರಬೇತಿ ಇರುವ ನ್ಯೂರೋಸೈಕಾಲಜಿಸ್ಟೇ ಬೇಕು. ಇವರು ಕಡಿಮೆ ಇದ್ದಾರೆ, ಬೇರೆ ರಾಜ್ಯಕ್ಕೆ ಹೋಗಬೇಕಾಗಬಹುದು. ಪರೀಕ್ಷೆಗೆ ಮುಂಚೆ ಕನಿಷ್ಠ 90 ದಿನ ಮಾತ್ರೆ ಬಿಟ್ಟಿರಬೇಕು. ಪರೀಕ್ಷೆ ಮುಗಿದ 24 ಗಂಟೆಯೊಳಗೆ ಮೂತ್ರದ ಸ್ಯಾಂಪಲ್ ಕೊಡಬೇಕು, ಎಡಿಎಚ್‌ಡಿ ಮಾತ್ರೆಗಳಿಗಾಗಿ ನೋಡುತ್ತಾರೆ. ಸಾಮಾನ್ಯ ಡ್ರಗ್ ಟೆಸ್ಟ್‌ನಲ್ಲಿ ಮೀಥೈಲ್‌ಫೆನಿಡೇಟ್ (ರಿಟಾಲಿನ್, ಕಾನ್ಸರ್ಟಾದಲ್ಲಿರುವ ಔಷಧಿ) ಇರುವುದಿಲ್ಲ. ಲ್ಯಾಬ್‌ಗೆ ಹೋಗುವ ಚೀಟಿಯಲ್ಲಿ ಅದರ ಹೆಸರು ಇದೆಯಾ ಎಂದು ನೀವೇ ನೋಡಿ. ಸ್ಯಾಂಪಲ್ ಕೊಡಲು ಮರೆತರೆ, ತಪ್ಪು ಟೆಸ್ಟ್ ಮಾಡಿಸಿದರೆ, ಇಡೀ ಮೌಲ್ಯಮಾಪನ ವ್ಯರ್ಥವಾಗಬಹುದು.

90 ದಿನ ಅನ್ನುವುದು ಕನಿಷ್ಠ. 91ನೇ ದಿನಕ್ಕೇ ಹೋಗಬೇಕು ಅಂತಿಲ್ಲ. ಮಾತ್ರೆಯಿಲ್ಲದ ಜೀವನ ಇನ್ನೂ ಕುದುರದೆ ಇರುವಾಗ ಪರೀಕ್ಷೆಗೆ ಕೂತರೆ ಬರುವ ಕೆಟ್ಟ ಅಂಕ ಫೈಲಿನಲ್ಲಿ ಉಳಿದುಬಿಡುತ್ತದೆ.

ಪರೀಕ್ಷೆಯ ಮುಖ್ಯ ಭಾಗ ಕಾಗ್‌ಸ್ಕ್ರೀನ್-ಎಇ ಅನ್ನುವ ಕಂಪ್ಯೂಟರ್ ಪರೀಕ್ಷೆ. ಪರದೆಯ ಮೇಲೆ ಅಂಕಿಗಳು ಬಂದು ಹೋಗುತ್ತವೆ, ಅವನ್ನು ಹಿಂದಿನಿಂದ ಮುಂದಕ್ಕೆ ಹೇಳಬೇಕು. ಎರಡು ಸಾಲು ಒಂದೇ ಥರ ಇವೆಯಾ ಎಂದು ತಟ್ಟನೆ ಒತ್ತಬೇಕು. ಒಂದೇ ಹೊತ್ತಿಗೆ ಎರಡು ಕೆಲಸ ಮಾಡಬೇಕು, ಒಂದು ಕಡೆ ಗುರುತು ಜಾರದಂತೆ ನೋಡಿಕೊಳ್ಳುತ್ತಾ ಇನ್ನೊಂದು ಕಡೆ ಅಂಕಿ ನೆನಪಿಡಬೇಕು. ಮಧ್ಯದಲ್ಲಿ ನಿಯಮ ಬದಲಾಗುತ್ತದೆ, ಬದಲಾಯಿತು ಎಂದು ಯಾರೂ ಹೇಳುವುದಿಲ್ಲ, ನೀವೇ ಹಿಡಿಯಬೇಕು. ನಿಮ್ಮ ಅಂಕವನ್ನು ಹೋಲಿಸುವುದು ಬೇರೆ ಪೈಲಟ್‌ಗಳ ಜೊತೆ. ಕಾಲೇಜಿನಲ್ಲಿ ಮೊದಲ ದರ್ಜೆ ಬಂದಿದ್ದರೂ ಇಲ್ಲಿ ಬೆವರು ಬರುತ್ತದೆ.

ಇದಕ್ಕೆ ಕೋಚಿಂಗ್ ಕೊಡುತ್ತೇವೆ, ಮಾದರಿ ಪ್ರಶ್ನೆ ಕೊಡುತ್ತೇವೆ ಅನ್ನುವವರಿಂದ ದೂರ ಇರಿ. ಅಭ್ಯಾಸ ಮಾಡಿ ಬಂದವರ ಫಲಿತಾಂಶವನ್ನು ನಂಬುವುದು ಕಷ್ಟ, ಪರೀಕ್ಷಕರಿಗೆ ಅನುಮಾನ ಬಂದರೆ ವರದಿಯಲ್ಲಿ ಬರೆಯುತ್ತಾರೆ. ನೀವು ಮಾಡಬಹುದಾದ ತಯಾರಿ ಸರಳ. ಹಿಂದಿನ ದಿನವೇ ಆ ಊರಿಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿ. ದಿನಾ ಎರಡು ಲೋಟ ಕಾಫಿ ಕುಡಿಯುವವರು ಅವತ್ತೂ ಎರಡೇ ಕುಡಿಯಿರಿ. ನೆಗಡಿಗೆ ಅಂತ ಬೆನಡ್ರಿಲ್ ಥರದ ನಿದ್ದೆ ಬರಿಸುವ ಮಾತ್ರೆ ನುಂಗಿ ಹೋಗಬೇಡಿ. ಕನ್ನಡಕ ಮರೆಯಬೇಡಿ. ಜ್ವರ ಇದ್ದರೆ ದಿನ ಬದಲಿಸಿ, ಪರೀಕ್ಷಕರು ಬೇಸರ ಮಾಡಿಕೊಳ್ಳುವುದಿಲ್ಲ.

ವರದಿ ಕೈಗೆ ಬಂದಾಗ ನಿಮ್ಮ ತಾರೀಖು ಪಟ್ಟಿಯ ಪಕ್ಕದಲ್ಲಿಟ್ಟು ಓದಿ. ಮಾತ್ರೆ ನಿಲ್ಲಿಸಿದ ವರ್ಷ ವರದಿಯಲ್ಲೊಂದು, ಫಾರ್ಮಸಿ ಕಾಗದದಲ್ಲೊಂದು ಇದ್ದರೆ ಕಳಿಸುವ ಮುಂಚೆಯೇ ಸರಿಮಾಡಿಸಿ. ಪರೀಕ್ಷಕರ ಅಭಿಪ್ರಾಯ ಬದಲಿಸಲು ಮಾತ್ರ ಕೇಳಬೇಡಿ.

ಹಂತ 6: ಈಗ ಫಾರ್ಮ್

ಫಾರ್ಮ್‌ನಲ್ಲಿ ಮೂರು ಜಾಗ ಮುಖ್ಯ. 17ರಲ್ಲಿ ಈಗಿನ ಔಷಧಿ. 19ರಲ್ಲಿ ಕಳೆದ 3 ವರ್ಷದಲ್ಲಿ ನೋಡಿದ ಡಾಕ್ಟರುಗಳು. 18ರಲ್ಲಿ "ಜೀವನದಲ್ಲಿ ಯಾವತ್ತಾದರೂ" ಬಂದ ಕಾಯಿಲೆಗಳು. ಮಾನಸಿಕ ತೊಂದರೆಗಳ ಪ್ರಶ್ನೆ ಇದೇ 18ರಲ್ಲಿದೆ, ಎಡಿಎಚ್‌ಡಿ ಅಲ್ಲಿ ಬರುತ್ತದೆ. ಯಾವತ್ತಾದರೂ ಅಂದರೆ ಎಂಟನೇ ವಯಸ್ಸಿನಲ್ಲೂ ಸೇರಿ. ಡಯಾಗ್ನೋಸಿಸ್ ತಪ್ಪು ಅಂತ ನೀವು ನಂಬಿದ್ದರೂ ಉತ್ತರ "ಹೌದು". ತಪ್ಪು ಅನ್ನುವ ವಾದಕ್ಕೆ ಜಾಗ ಮೌಲ್ಯಮಾಪನದ ವರದಿ, ಫಾರ್ಮ್‌ನ ಟಿಕ್ ಬಾಕ್ಸ್ ಅಲ್ಲ.

ವಿವರಣೆ ಚಿಕ್ಕದಾಗಿರಲಿ. ಫಾರ್ಮ್‌ನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು, ಒಕ್ಕಣೆ ಹೀಗಿದ್ದರೆ ಸಾಕು: "2013ರಲ್ಲಿ, 8 ವರ್ಷವಿದ್ದಾಗ, ಮಕ್ಕಳ ಡಾಕ್ಟರು ಎಡಿಎಚ್‌ಡಿ ಎಂದರು. 2016ರವರೆಗೆ ಮೀಥೈಲ್‌ಫೆನಿಡೇಟ್. ಆಮೇಲೆ ಔಷಧಿ ಇಲ್ಲ, ಲಕ್ಷಣ ಇಲ್ಲ. ದಾಖಲೆ ಎಎಂಇಗೆ ಕೊಡುತ್ತಿದ್ದೇನೆ." ಬಾಲ್ಯದ ಕಥೆ, ಟೀಚರ್ ಮೇಲಿನ ಸಿಟ್ಟು, ವಿಮಾನದ ಪ್ರೀತಿ ಇದರಲ್ಲಿ ಬೇಡ.

"ಇಲ್ಲ ಅಂತ ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ" ಅನ್ನುವವರು ಸಿಗುತ್ತಾರೆ. ಏಜೆಂಟ್ ಹೇಳಬಹುದು, ಸೀನಿಯರ್ ಹೇಳಬಹುದು. ಸುಳ್ಳು ಬರೆದರೆ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು ಎಂದು ಎಚ್ಚರಿಕೆ ಫಾರ್ಮ್‌ನ ಮೇಲೇ ಇದೆ. ಅದಕ್ಕಿಂತ ಬೇಗ ತಟ್ಟುವ ಪೆಟ್ಟು, ಪೈಲಟ್ ಲೈಸೆನ್ಸ್ ಸೇರಿ ಎಲ್ಲವೂ ರದ್ದಾಗಬಹುದು. ಗೊತ್ತಾಗುವುದಿಲ್ಲ ಅನ್ನುವ ಧೈರ್ಯವೂ ಈಗ ಬೇಡ. ಸೇನೆಯಿಂದ ಬಂದ ಪೈಲಟ್‌ಗಳು ಅಂಗವೈಕಲ್ಯ ಭತ್ಯೆಗೆ ಒಂದು ಹೇಳಿ ಎಫ್‌ಎಎಗೆ ಇನ್ನೊಂದು ಹೇಳಿದರೇ ಎಂದು ದಾಖಲೆ ತಾಳೆ ಹಾಕಿ, ಸುಮಾರು 5,000 ಪೈಲಟ್‌ಗಳನ್ನು ತನಿಖೆ ಮಾಡಿದ ವಿಷಯ 2023ರಲ್ಲಿ ಹೊರಬಂತು. ಈಗಾಗಲೇ ಹಿಂದೊಮ್ಮೆ "ಇಲ್ಲ" ಅಂತ ಹಾಕಿದ್ದರೆ ಈ ಮಾರ್ಗದರ್ಶಿ ಸಾಲದು. ಹೊಸ ಅರ್ಜಿಗೆ ಮುಂಚೆ ವಿಮಾನಯಾನ ಕಾನೂನು ಗೊತ್ತಿರುವ ವಕೀಲರನ್ನು ನೋಡಿ.

ಪರೀಕ್ಷೆಯ ದಿನ ಎಲ್ಲ ದಾಖಲೆಯ ಒಂದು ಪ್ರತಿ ಎಎಂಇಗೆ, ಒಂದು ನಿಮ್ಮ ಕೈಯಲ್ಲಿ. ನಂಬರ್ ಕೊಡುವ ಮುಂಚೆ ಕೇಳಿ: "ಕಾಗದ ಎಲ್ಲ ಸರಿ ಇದೆಯಾ? ಇವತ್ತೇ ಕೊಡ್ತೀರಾ, ಡಿಫರ್ ಮಾಡ್ತೀರಾ?" ಉತ್ತರ ತಡವರಿಸಿದರೆ ಅವತ್ತು ನಂಬರ್ ಕೊಡದೆ ಎದ್ದು ಬರಬಹುದು.

ಹಂತ 7: ಡಿಫರ್ ಆದಮೇಲೆ

ಸ್ಟ್ಯಾಂಡರ್ಡ್ ಟ್ರ್ಯಾಕ್‌ನಲ್ಲಿ ಡಿಫರ್ ಆಗಿಯೇ ಆಗುತ್ತದೆ. ಪತ್ರ ಬರುವುದು ಫಾರ್ಮ್‌ನಲ್ಲಿ ಕೊಟ್ಟ ಅಂಚೆ ವಿಳಾಸಕ್ಕೆ. ವಿದ್ಯಾರ್ಥಿಗಳು ಆರು ತಿಂಗಳಿಗೊಮ್ಮೆ ಅಪಾರ್ಟ್‌ಮೆಂಟ್ ಬದಲಿಸುತ್ತಾರೆ, ಪತ್ರ ಹಳೆಯ ಮನೆಯ ಡಬ್ಬಿಯಲ್ಲಿ ಕೂತಿರುತ್ತದೆ, ಗಡುವು ಮುಗಿದಿರುತ್ತದೆ. ಬದಲಾಗದ ವಿಳಾಸ ಕೊಡಿ. ಅಮೆರಿಕದಲ್ಲೇ ಇರುವ ಚಿಕ್ಕಪ್ಪನದೋ ಅತ್ತೆಯದೋ ಆದರೂ ಸರಿ, ಬಂದ ಪತ್ರ ತೆರೆದು ಫೋಟೋ ಕಳಿಸುವವರಿರಬೇಕು.

ಗಡುವು ಸಾಮಾನ್ಯವಾಗಿ 60 ದಿನ, ಪತ್ರದಲ್ಲಿ ಇರುವುದೇ ಅಂತಿಮ. ಸಾಲದಿದ್ದರೆ ಮುಗಿಯುವ ಮುಂಚೆ ಲಿಖಿತವಾಗಿ ಹೆಚ್ಚಿನ ಸಮಯ ಕೇಳಿ. ಕೇಳಿದ್ದನ್ನೆಲ್ಲ ಒಟ್ಟಿಗೆ ಕಳಿಸಿ, ಇವತ್ತೊಂದು ಪುಟ ನಾಡಿದ್ದೊಂದು ಪುಟ ಬೇಡ. ಪತ್ರದ ಮೇಲಿರುವ ಫೈಲ್ ನಂಬರ್ ಪ್ರತಿ ಪುಟದ ಮೇಲೂ ಇರಲಿ. ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳಿಸಿ.

ಸರ್ಟಿಫಿಕೇಟ್ ಬಂದಮೇಲೆ ಮುಂದಿನ ಅರ್ಜಿಗಳಲ್ಲೂ 18ಕ್ಕೆ ಉತ್ತರ "ಹೌದು" ಎಂದೇ. ಏನೂ ಬದಲಾಗಿಲ್ಲದಿದ್ದರೆ "ಹಿಂದೆ ತಿಳಿಸಿದೆ, ಬದಲಾವಣೆ ಇಲ್ಲ" ಎಂದು ಬರೆದರೆ ಸಾಕು.

ನಿರಾಕರಣೆ ಈಗಾಗಲೇ ಬಂದಿದ್ದರೆ

ಪತ್ರವನ್ನು ನಿಧಾನಕ್ಕೆ ಓದಿ. ದಾಖಲೆ ಕಳಿಸಲಿಲ್ಲ ಅನ್ನುವ ಕಾರಣಕ್ಕೆ ಬಂದ ನಿರಾಕರಣೆಯೋ, ದಾಖಲೆ ನೋಡಿದ ಮೇಲೆ ಬಂದದ್ದೋ? ಮೊದಲನೆಯದಾದರೆ ದುಃಖಪಡುವುದು ಬೇಡ, ಹಂತ 2ಕ್ಕೆ ಹೋಗಿ. ದಾಖಲೆ ಪೂರ್ತಿಮಾಡಿ ಮತ್ತೆ ಕಳಿಸಬಹುದು ಅಥವಾ ಹೊಸದಾಗಿ ಅರ್ಜಿ ಹಾಕಬಹುದು.

ಎಎಂಇಯೇ ನಿರಾಕರಿಸಿದ್ದರೆ 30 ದಿನದೊಳಗೆ ಎಫ್‌ಎಎಯ ಮುಖ್ಯ ಡಾಕ್ಟರಾದ ಫೆಡರಲ್ ಏರ್ ಸರ್ಜನ್‌ಗೆ ಮರುಪರಿಶೀಲನೆ ಕೇಳಿ ಬರೆಯಬೇಕು. ಎಫ್‌ಎಎಯ ಅಂತಿಮ ನಿರಾಕರಣೆಯ ಮೇಲೆ 60 ದಿನದೊಳಗೆ ಎನ್‌ಟಿಎಸ್‌ಬಿಗೆ (ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ) ಮೇಲ್ಮನವಿ ಹೋಗಬಹುದು. ಆದರೆ ಎನ್‌ಟಿಎಸ್‌ಬಿ ನೋಡುವುದು ನೀವು ನಿಯಮದ ಮಾನದಂಡಕ್ಕೆ ಸರಿಹೊಂದುತ್ತೀರಾ ಅನ್ನುವುದನ್ನು ಮಾತ್ರ. ಮಾನದಂಡಕ್ಕೆ ಹೊಂದದಿದ್ದರೂ ಎಫ್‌ಎಎ ತನ್ನ ವಿವೇಚನೆಯಿಂದ ಕೊಡುವ ಸ್ಪೆಷಲ್ ಇಶ್ಯುಯನ್ಸ್ ಅವರ ಕೈಯಲ್ಲಿಲ್ಲ. ವಕೀಲರ ಫೀಸ್ ಕಟ್ಟುವ ಮುಂಚೆ, ಆ ದುಡ್ಡಿನಲ್ಲಿ ಒಳ್ಳೆಯ ಮೌಲ್ಯಮಾಪನ ಆಗುತ್ತದಾ ಎಂದು ಲೆಕ್ಕ ಹಾಕಿ. ಎಷ್ಟೋ ಸಲ ಅದೇ ಉತ್ತಮ ಖರ್ಚು.

ಅಲ್ಲಿಯವರೆಗೆ ಹಾರಲೇಬೇಕು ಅನ್ನಿಸಿದರೆ, ಗ್ಲೈಡರ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕಿಲ್ಲ. ನಿಮಗೆ ಗೊತ್ತಿರುವ ತೊಂದರೆಯಿಂದ ಅಪಾಯ ಇಲ್ಲ ಅನ್ನುವ ಪ್ರಾಮಾಣಿಕತೆ ಮಾತ್ರ ಬೇಕು.

ಕಲಿತು ವಾಪಸ್ ಬರುವವರಿಗೆ

ಎಫ್‌ಎಎ ಮೆಡಿಕಲ್ ಭಾರತದಲ್ಲಿ ನಡೆಯುವುದಿಲ್ಲ. ಇಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ ಬೇರೆಯೇ ಬೇಕು. ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಕ್ಲಾಸ್ 1ರ ಮೊದಲ ಪರೀಕ್ಷೆ ನಡೆಸುವ ಕೇಂದ್ರಗಳಲ್ಲಿ ಬೆಂಗಳೂರಿನ ಐಎಎಂ, ಅಂದರೆ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಅಮೆರಿಕದ ವೀಸಾಕ್ಕೆ ಅರ್ಜಿ ಹಾಕುವ ಮುಂಚೆಯೇ ಎರಡನ್ನೂ ಮುಗಿಸಿಕೊಳ್ಳಿ. ಅಲ್ಲಿ ಲೈಸೆನ್ಸ್ ಪಡೆದು ಬಂದು ಇಲ್ಲಿ ಅನ್‌ಫಿಟ್ ಆದರೆ ಖರ್ಚಾದ ದುಡ್ಡು ವಾಪಸ್ ಬರುವುದಿಲ್ಲ. ಎರಡೂ ಕಡೆ ಹೇಳುವ ಇತಿಹಾಸ ಒಂದೇ ಇರಲಿ. ಡಿಜಿಸಿಎಗೆ ಕೊಟ್ಟ ಉತ್ತರಗಳ ಪ್ರತಿಯನ್ನೂ ಹಂತ 2ರ ಫೋಲ್ಡರ್‌ಗೇ ಸೇರಿಸಿಡಿ, ಮೆಡ್‌ಎಕ್ಸ್‌ಪ್ರೆಸ್ ತುಂಬುವಾಗ ಅದು ಪಕ್ಕದಲ್ಲಿರಲಿ.